ಮಾಸ್ತರ್ರ ಮೈನರ್ ನೋಡಲು ಮೂರು ಸಲ ಘಟ್ಟ ಇಳಿದದ್ದು

ಮೊಬೈಲಿಗೆ ಬಂದದ್ದು ಆರು ಫೋಟೊ. ಆರರಲ್ಲೂ ಕಾರು ಫಳಫಳ. ಕೆಂಪು ಮೈ, ಬಿಳಿ ಬಟ್ಟೆಯ ಹುಡ್, ಹಿಂದೆ ತೆಂಗಿನ ಮರ, ಮರದಾಚೆ ಕಾಳಿ ನದಿಯ ನೀರು. ಕೆಳಗೆ ಎರಡು ಸಾಲು: 1959ರ ಮಾರಿಸ್ ಮೈನರ್ ಕನ್ವರ್ಟಿಬಲ್, ಒರಿಜಿನಲ್ ಪೇಂಟ್, ಒರಿಜಿನಲ್ ಎಂಜಿನ್, ಎಲ್ಲ ಒರಿಜಿನಲ್. ಒಂಬತ್ತೂವರೆ ಲಕ್ಷ. ಮೈನರ್ ಅಂದರೆ ಇಂಗ್ಲೆಂಡಿನ ಹಳೆ ಸಣ್ಣ ಕಾರು, ಕನ್ವರ್ಟಿಬಲ್ ಅಂದರೆ ಬಟ್ಟೆಯ ಟಾಪು ಹಿಂದಕ್ಕೆ ಮಡಚುವಂಥದ್ದು.

ಒಂದೇ ಜಾಹೀರಾತಿನಲ್ಲಿ ಮೂರು ಸಲ ಒರಿಜಿನಲ್ ಅಂದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಭಾವನಿಗೆ ತೋರಿಸಿದೆ. ಅವನು ಫೋಟೊ ದೊಡ್ಡದು ಮಾಡಿ ನೋಡಿ, "ಮೇಲ್ಗಡೆ ಕೊಯ್ದ ಗಾಡಿನೇ ಇದು, ಬರೆದು ಕೊಡ್ತೆ" ಅಂದ. ನನಗೂ ಹಾಗೇ ಅನ್ನಿಸಿತ್ತು.

ಯಾಕೆ ಅಂತ ಹೇಳುತ್ತೇನೆ. ಮೈನರ್‌ನಲ್ಲಿ ಜೀಪಿಗೆ ಇರುವ ಹಾಗೆ ಬೇರೆ ಚಾಸಿಸ್ ಇಲ್ಲ. ಮೈಯೇ ಚಾಸಿಸ್. ಛಾವಣಿ ಬರೀ ಮಳೆಗೆ ನೆರಳಿಗೆ ಅಲ್ಲ, ಅದೂ ಭಾರ ಹೊರುತ್ತದೆ. ಎರಡು ಬಾಗಿಲಿನ ಸಲೂನ್, ಅಂದರೆ ತಗಡಿನ ಛಾವಣಿಯ ಕಾರು ತಂದು ಗ್ಯಾಸ್ ಕಟ್ಟರ್‌ನಲ್ಲಿ ಛಾವಣಿ ಕೊಯ್ದು ಮೇಲೆ ಕ್ಯಾನ್ವಾಸ್ ಹೊದೆಸಿದರೆ ಫೋಟೊಕ್ಕೆ ಕನ್ವರ್ಟಿಬಲ್ ಆಗುತ್ತದೆ, ಆದರೆ ನಾಲ್ಕು ಜನ ಕೂತ ಕೂಡಲೇ ನಡು ಜೋಲುತ್ತದೆ. ಅಡಿಕೆ ಹಾಳೆಯ ಕೊಟ್ಟೆಯ ಮೇಲಂಚು ಕತ್ತರಿಸಿ ನೀರು ತುಂಬಿ ಎತ್ತಿ ನೋಡಿ, ಅದೇ ಕಥೆ. ಕಾರ್ಖಾನೆಯಲ್ಲೇ ಕನ್ವರ್ಟಿಬಲ್ ಆಗಿ ಹುಟ್ಟಿದ ಮೈನರ್‌ಗೆ ಇದಕ್ಕಾಗಿಯೇ ಬಾಗಿಲ ಕೆಳಗಿನ ಸಿಲ್‌ಗೆ ಜಾಸ್ತಿ ತಗಡು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಎರಡು ಕಡೆ ತ್ರಿಕೋನದ ಪಟ್ಟಿ, ಬಾಗಿಲ ಹಿಂದಿನ ಕಂಬಕ್ಕೂ ಬೇರೆ ಬಲ ಕೊಟ್ಟಿರುತ್ತಾರೆ. ಕೊಯ್ಯುವವರು ಇದನ್ನು ಮಾಡುವುದಿಲ್ಲ. ಕಣ್ಣಿಗೆ ಕಾಣದ ಕೆಲಸಕ್ಕೆ ಯಾರು ದುಡ್ಡು ಕೊಡುತ್ತಾರೆ, ಅಲ್ವಾ.

ಹಾಗಾಗಿ ಹೊರಡುವ ಮೊದಲೇ ಒಂದು ಮಾತು ಮಾಡಿಕೊಂಡೆವು. ಪೇಂಟು ನೋಡುವುದಿಲ್ಲ, ಸೀಟು ನೋಡುವುದಿಲ್ಲ, ಮೊದಲು ತಗಡು. ಚೀಲದಲ್ಲಿ ಇದ್ದದ್ದು ಇಷ್ಟೇ: ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ, ಅದಕ್ಕೆ ಸುತ್ತಲು ಹಳೆ ಪಂಚೆಯ ತುಂಡು, ಟಾರ್ಚು, ಸಣ್ಣ ಕನ್ನಡಿ, ಮೊಂಡು ಸ್ಕ್ರೂಡ್ರೈವರ್, 4 ಮತ್ತು 5 ಮಿಲಿಮೀಟರ್‌ನ ಎರಡು ಅಲೆನ್ ಕೀ, ಬಾಟಲ್ ಜಾಕು, ಮಲಗಲು ಚಾಪೆ.

ಮೊದಲ ಸಲ

ಶಿರಸಿಯಿಂದ ಹೊರಟು ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಾಗ ಹತ್ತೂವರೆ. ಮನೆ ಸದಾಶಿವಗಡದ ಬದಿ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಬಿದ್ದದ್ದು ಎಲ್ಲರಿಗೂ ಗೊತ್ತಲ್ಲ, ಅದನ್ನೇ ಮಾತಾಡುತ್ತ ಹೊಸ ಸೇತುವೆ ದಾಟಿದೆವು.

ಮಾರುವವರು ರಿಟೈರ್ ಆದ ಮಾಸ್ತರ್ರು. ಒಳ್ಳೆಯ ಜನ. ಅಷ್ಟು ಒಳ್ಳೆಯವರು ಅಂದರೆ ನಾವು ಬರುತ್ತೇವೆ ಅಂತ ಆಗಷ್ಟೇ ಕಾರು ತೊಳೆದು ನಿಲ್ಲಿಸಿದ್ದರು. ಹಸಿ ಕಾರು ನೋಡಬಾರದು. ನೀರು ಬಿದ್ದ ಮೇಲೆ ಎಂಥ ಕೆಟ್ಟ ಪೇಂಟೂ ಹೊಳೆಯುತ್ತದೆ, ಪುಟ್ಟಿಯ ಉಬ್ಬು ತಗ್ಗು ಒಂದೂ ಕಾಣುವುದಿಲ್ಲ. "ಮಾಸ್ತರ್ರೇ, ಒಣಗಲಿ, ಚಾ ಕುಡಿಯೋಣ" ಅಂದೆ. ಚಾ ಜೊತೆಗೆ ಕಥೆಯೂ ಬಂತು. ಕಾರು ಅವರ ಸೋದರಮಾವನದ್ದು. 1959ರಲ್ಲಿ ಮಡಗಾಂವದಲ್ಲಿ ಹೊಸದಾಗಿ ಕೊಂಡದ್ದು, ಆಗ ಗೋವಾ ಪೋರ್ಚುಗೀಸರದ್ದು. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಮಾವ ಊರಿಗೆ ವಾಪಸು ಬಂದರು, ಕಾರೂ ಜೊತೆಗೆ ಬಂತು.

ಇಲ್ಲಿ ನನ್ನ ಕಿವಿ ನಿಮಿರಿತು. ಆ ಹೊತ್ತಿಗೆ ನಮ್ಮ ಕಡೆ ಹೊರದೇಶದ ಹೊಸ ಕಾರು ತರಿಸುವುದು ಹೆಚ್ಚುಕಮ್ಮಿ ಆಗದ ಮಾತು, ಗೋವಾದಲ್ಲಿ ಹಾಗಿರಲಿಲ್ಲ. ಪೋರ್ಚುಗಲ್‌ನಲ್ಲಿ 1928ರಿಂದ ಬಲಬದಿಯ ಓಡಾಟ, ಆದರೆ ಗೋವಾದಲ್ಲಿ ನಮ್ಮ ಹಾಗೆ ಎಡಬದಿಯೇ ಉಳಿಯಿತು, ಹಾಗಾಗಿ ಸ್ಟೇರಿಂಗ್ ಬಲಕ್ಕೆ ಇರುವುದೂ ಸರಿ. 1959ರ ಕನ್ವರ್ಟಿಬಲ್ ಈ ಕರಾವಳಿಯಲ್ಲಿ ನಿಜವಾಗಿ ಇರಬಹುದಾದ ದಾರಿ ಅಂದರೆ ಇದೊಂದೇ. ಕಥೆ ಸುಳ್ಳಾಗಿದ್ದರೆ ಇಷ್ಟು ಸರಿಯಾಗಿ ಕೂರುವುದಿಲ್ಲ. ಆದರೂ ಕಥೆಗೆ ದುಡ್ಡು ಕೊಡಬಾರದು, ಕಾರಿಗೆ ಕೊಡಬೇಕು.

ಮೊದಲು ಪೇಂಟು. ನೋಡುವುದಿಲ್ಲ ಅಂದಿದ್ದೆವು, ಆದರೂ ಕೈ ತಡೆಯಬೇಕಲ್ಲ. ಹಿಂದಿನ ಸೀಟು ಎತ್ತಿ ಟಾರ್ಚ್ ಬಿಟ್ಟರೆ ಮೂಲೆಯಲ್ಲಿ ನೀಲಿ ಛಾಯೆಯ ಬೂದು ಬಣ್ಣ. ಬಾಗಿಲ ಒಳಗಿನ ಹಲಗೆಯ ಎರಡು ಕ್ಲಿಪ್ ಬಿಚ್ಚಿ ನೋಡಿದರೆ ಅಲ್ಲೂ ಬೂದು.

"ಮಾಸ್ತರ್ರೇ, ಕಾರು ಹುಟ್ಟುವಾಗ ಕೆಂಪು ಇರಲಿಲ್ಲ."

"ಹೌದು, ಕೆಂಪು ಮಾವನೇ ಹೊಡೆಸಿದ್ದಲ್ಲೋ ತಮಾ. ಮಾವ ಹೊಡೆಸಿದ್ದು ಒರಿಜಿನಲ್ ಅಲ್ವಾ?"

ಭಾವ ನನ್ನ ಮುಖ ನೋಡಿದ, ನಾನು ಭಾವನ ಮುಖ. ಮಾಸ್ತರ್ರು ಮೋಸ ಮಾಡುತ್ತಿಲ್ಲ. ಅವರ ಲೆಕ್ಕದಲ್ಲಿ ಮಾವನ ಕಾಲದಲ್ಲಿ ಆದದ್ದೆಲ್ಲ ಒರಿಜಿನಲ್, ಆಮೇಲೆ ಆದದ್ದು ಡುಪ್ಲಿಕೇಟ್. ಇನ್ನು ಅವರು ಒರಿಜಿನಲ್ ಅಂದಾಗಲೆಲ್ಲ ಮಾವನ ಕಾಲದ್ದು ಅಂತ ಓದಿಕೊಳ್ಳಬೇಕು ಅಂತ ಅಲ್ಲೇ ಗೊತ್ತಾಯಿತು, ಮುಂದೆ ಇದು ತುಂಬ ಉಪಯೋಗಕ್ಕೆ ಬಂತು.

ಆಮೇಲೆ ಎಂಜಿನ್. ಬಾನೆಟ್ ಎತ್ತುವ ಮೊದಲು ಒಂದು ಕೆಲಸ. ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಸುಮ್ನೆ ಕೇಳಬೇಕು. ಮೈನರ್‌ನ ಪೆಟ್ರೋಲ್ ಪಂಪು ಎಸ್‌ಯು ಕಂಪನಿಯ ಕರೆಂಟ್ ಪಂಪು, ಕೀ ಹಾಕಿದ ಕೂಡಲೇ ಟಿಕ್ ಟಿಕ್ ಟಿಕ್ ಅನ್ನುತ್ತದೆ, ಕಾರ್ಬೊರೇಟರ್ ತುಂಬಿದ ಮೇಲೆ ನಿಧಾನವಾಗಿ ನಿಲ್ಲುತ್ತದೆ. ಮೈನರ್ ಓಡಿಸಿದವರಿಗೆ ಆ ಸದ್ದು ಮರೆಯುವುದಿಲ್ಲ. ಇಲ್ಲಿ ಏನೂ ಇಲ್ಲ. ಹಿತ್ತಿಲ ಕೋಳಿಯ ಸದ್ದು ಮಾತ್ರ.

ಬಾನೆಟ್ ಎತ್ತಿದರೆ ಎಂಜಿನ್ನಿನ ಮೈಗೇ ಕೂತ ಮೆಕ್ಯಾನಿಕಲ್ ಪಂಪು. ಕಾರ್ಬೊರೇಟರ್ ಎಸ್‌ಯು ಅಲ್ಲ, ಸೊಲೆಕ್ಸ್. ಅಡಿಯಲ್ಲಿ ಎಂಜಿನ್ ಕೂತದ್ದು ಆಂಗಲ್ ಕಬ್ಬಿಣ ಬೆಸೆದು ಮಾಡಿದ ಬ್ರಾಕೆಟ್ ಮೇಲೆ. ಇದು ಸ್ಟಾಂಡರ್ಡ್ ಹೆರಾಲ್ಡ್ ಎಂಜಿನ್. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಹೆರಾಲ್ಡ್ ಹಳಬರಿಗೆಲ್ಲ ನೆನಪಿದ್ದೀತು.

ತಮಾಷೆ ಏನೆಂದರೆ, ಆರ್‌ಸಿಯಲ್ಲಿ 948 ಸಿಸಿ ಅಂತಿದೆ. ಮೈನರ್ 1000, ಅಂದರೆ ಈ ಕಾರಿನ ಮಾದರಿ, ಅದರ ಎಂಜಿನ್ 948 ಸಿಸಿ. ಹೆರಾಲ್ಡ್ ಎಂಜಿನ್ನೂ 948 ಸಿಸಿ. ಎರಡು ಬೇರೆ ಬೇರೆ ಕಂಪನಿ, ಬೇರೆ ಬೇರೆ ವಿನ್ಯಾಸ. ಒಂದರ ಬೋರ್ 62.9 ಮಿಲಿಮೀಟರ್, ಸ್ಟ್ರೋಕ್ 76.2. ಇನ್ನೊಂದರದ್ದು 63 ಮತ್ತು 76. ಕಾಗದ ನೋಡಿ ಕಾರು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಬಲೆ ಬೇಕಾ? ಆರ್‌ಸಿಯ ಎಂಜಿನ್ ನಂಬರ್ 9ಎಂ ಅಂತ ಶುರುವಾಗುತ್ತದೆ, ಅದು ಮೈನರ್ 948ರ ಗುರುತು. ಎಂಜಿನ್ ಮೇಲಿದ್ದ ನಂಬರ್ ಬೇರೆಯೇ.

"ಎಂಜಿನ್ನೂ ಮಾವನೇ ಹಾಕಿಸಿದ್ದಾ ಮಾಸ್ತರ್ರೇ?"

"ಮತ್ತೆ? ಹಳೇದಕ್ಕೆ ಬೇರಿಂಗ್ ಸಿಗ್ತಿರ್ಲಿಲ್ಲ ಅಂತ ಮಾವನೇ ತರಿಸಿ ಹಾಕಿಸಿದ್ದು."

ಅಲ್ಲಿಗೆ ಮೂರರಲ್ಲಿ ಎರಡು ಒರಿಜಿನಲ್ ಹೋಯಿತು. ಭಾವ ಚೀಲ ಕಟ್ಟಲು ಶುರು ಮಾಡಿದ. ನಾನು ಹೊರಡುವ ಮೊದಲು ಬಾನೆಟ್ ಒಳಗೆ ಹಿಂದಿನ ಗೋಡೆಯ ಮೇಲಿನ ತಗಡಿನ ಪ್ಲೇಟಿಗೆ ಟಾರ್ಚ್ ಬಿಟ್ಟೆ. ಮೇಲೆ ಕೆಂಪು ಪೇಂಟು ಬಿದ್ದಿತ್ತು. ಉಗುರಲ್ಲಿ ಕೆರೆದೆ. ಎಂ/ಎಟಿ3.

ಇದನ್ನು ಓದುವುದು ಹೇಗೆಂದರೆ, ಎಂ ಅಂದರೆ ಮಾರಿಸ್, ಎ ಅಂದರೆ ಎ ಸೀರೀಸ್ ಎಂಜಿನ್, ಟಿ ಅಂದರೆ ಟೂರರ್. ಎರಡು ಬಾಗಿಲಿನ ಸಲೂನ್ ಆಗಿದ್ದರೆ ಟಿ ಇರುವ ಜಾಗದಲ್ಲಿ 2ಎಸ್ ಇರಬೇಕಿತ್ತು. ಕಾರ್ಖಾನೆಯ ಈ ಕೋಡಿನಲ್ಲಿ ಕನ್ವರ್ಟಿಬಲ್ ಅಂದರೆ ಟೂರರ್ರೇ.

ಪ್ಲೇಟು ಯಾರು ಬೇಕಾದರೂ ಹೊಸದು ಮಾಡಿಸಿ ಹೊಡೆಯಬಹುದು, ಅದು ನನಗೂ ಗೊತ್ತು. ಆದರೆ ಹೊಸ ಪ್ಲೇಟು ಹೊಡೆಯುವವನು ಅದನ್ನು ಎದ್ದು ಕಾಣುವ ಹಾಗೆ ಒರೆಸಿ ಇಡುತ್ತಾನೆ, ಪೇಂಟಿನ ಅಡಿ ಹೂತು ಹಾಕುವುದಿಲ್ಲ. "ಇನ್ನೊಂದು ಸಲ ಬರಬೇಕು" ಅಂದೆ ಭಾವನಿಗೆ. "ಡೀಸೆಲ್ ನಿಂದು" ಅಂದ.

ಎರಡನೇ ಸಲ, ಇಡೀ ದಿನ ಅಂಗಾತ

ಈ ಸಲ ಕುಮಟೆಯಿಂದ ನಮ್ಮ ಟಿಂಕರ್‌ನನ್ನೂ ಹತ್ತಿಸಿಕೊಂಡೆವು. ತಗಡಿನ ವಿಷಯದಲ್ಲಿ ಅವನ ಗೆಣ್ಣು ನನ್ನ ಅಯಸ್ಕಾಂತಕ್ಕಿಂತ ಚುರುಕು. ಕಾರಿನ ಸುತ್ತ ಟಕ ಟಕ ಬಡಿಯುತ್ತ ಒಂದು ಸುತ್ತು ಬಂದ. ಒಳ್ಳೆಯ ತಗಡು ಗಂಟೆಯ ಹಾಗೆ, ಪುಟ್ಟಿ ತುಂಬಿದ್ದು ಹಲಸಿನಕಾಯಿ ಬಡಿದ ಹಾಗೆ. ಹಿಂದಿನ ಎರಡು ಮಡ್‌ಗಾರ್ಡ್‌ನ ಕೆಳಭಾಗ ಹಲಸಿನಕಾಯಿ. ಎಡ ಬಾಗಿಲ ತಳ ಹಲಸಿನಕಾಯಿ. ಬಾಗಿಲಿನ ಹಿಂದಿನ ತಗಡಿನಲ್ಲಿ ಎರಡೂ ಕಡೆ ಒಂದು ಸಣ್ಣ ಉದ್ದನೆಯ ಜಾಗದಲ್ಲಿ ಅಯಸ್ಕಾಂತ ಹಿಡಿಯಲೇ ಇಲ್ಲ.

ಅದು ಕಂಡು ನನಗೆ ಖುಷಿಯಾಯಿತು, ಟಿಂಕರ್‌ಗೆ ಆಶ್ಚರ್ಯ. ವಿಷಯ ಇಷ್ಟೇ. 1961ರ ಕೊನೆಯವರೆಗೆ ಹೆಚ್ಚಿನ ಮೈನರ್‌ಗಳಿಗೆ ಮಿನುಗುವ ಇಂಡಿಕೇಟರ್ ಇರಲಿಲ್ಲ, ಮೈಯೊಳಗಿಂದ ಪಟ್ ಅಂತ ಹೊರಗೆ ಚಾಚುವ ಸಣ್ಣ ಕೈ ಇರುತ್ತಿತ್ತು, ತುದಿಯಲ್ಲಿ ಕಿತ್ತಳೆ ದೀಪ. 1959ರ ಕಾರಿಗೆ ಆ ಸೀಳು ಇದ್ದರೆ ಸರಿ. ಯಾರೋ ಅದನ್ನು ಮುಚ್ಚಿದ್ದಾರೆ, ಮುಚ್ಚಿದ್ದೇ ಸಾಕ್ಷಿ. "ಹೌದೌದು, ಕಿವಿ ಇತ್ತು, ನಾವು ಸಣ್ಣಕ್ಕಿದ್ದಾಗ ಅದನ್ನ ಎಳೆದು ಬೈಸಿಕೊಳ್ತಿದ್ವಿ" ಅಂದರು ಮಾಸ್ತರ್ರು.

ಟಿಂಕರ್ ಬಾನೆಟ್ ನಡುವಿನ ಪಟ್ಟಿಗೂ ಬೆರಳಿಟ್ಟ, ಇದು ಎಲ್ಲಾದರೂ ಜೋಡಿಸಿದ್ದಾ ಅಂತ. ಅಲ್ಲ, ಅದು ಹುಟ್ಟಿನಿಂದಲೇ ಹಾಗೆ. ಮೈನರ್ ಮಾಡಿದ ಅಲೆಕ್ ಇಸಿಗೋನಿಸ್‌ಗೆ ಕಾರು ಸಿದ್ಧವಾಗಿ ನಿಂತ ಮೇಲೆ ತೀರಾ ಕಿರಿದಾಯಿತು ಅನ್ನಿಸಿ, ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ ಎರಡು ಭಾಗ ದೂರ ಸರಿಸುತ್ತ ಹೋಗಿ ಕಣ್ಣಿಗೆ ಸರಿ ಕಂಡಲ್ಲಿ ನಿಲ್ಲಿಸಿದರಂತೆ, ನಾಲ್ಕು ಇಂಚು. ಬಾನೆಟ್ ನಡುವಿನ ಪಟ್ಟಿ ಆ ನಾಲ್ಕು ಇಂಚಿನದ್ದು. 1948ರಲ್ಲಿ ಬಂದ ಮೊದಲ ಕಾರುಗಳ ಬಂಪರ್ ಆಗಲೇ ತಯಾರಾಗಿಬಿಟ್ಟಿದ್ದರಿಂದ ಅದನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದ್ದರು. ಟಿಂಕರ್‌ಗೆ ಈ ಕಥೆ ತುಂಬ ಹಿಡಿಸಿತು, ಅವನ ಕೆಲಸವನ್ನೇ ದೊಡ್ಡ ಎಂಜಿನಿಯರ್ ಮಾಡಿದ್ದಲ್ಲವಾ.

ಈಗ ಮುಖ್ಯದ್ದು, ಕೊಯ್ದದ್ದಾ ಅಲ್ಲವಾ. ಬಾಗಿಲ ಹಿಂದಿನ ಸಂದು ನೋಡಬೇಕು. ನಡು ಜೋತ ಕಾರಿನಲ್ಲಿ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ, ಬಾಗಿಲು ಮೇಲ್ಗಡೆ ಉಜ್ಜಿ ಅಲ್ಲಿ ಪೇಂಟು ಹಾರಿರುತ್ತದೆ. ಅಲೆನ್ ಕೀ ತೂರಿಸಿ ನೋಡಿದೆ. ಬಲಗಡೆ ಮೇಲೆ 5 ಹೋಗುತ್ತದೆ, ಕೆಳಗೂ 5. ಎಡಗಡೆ ಮೇಲೆ 4, ಕೆಳಗೆ 5 ಸ್ವಲ್ಪ ಸಡಿಲ. ಎಡಗಡೆ ಮೇಲಿನ ಹಿಂಜು ಸವೆದಿತ್ತು, ಬಾಗಿಲು ಎತ್ತಿದರೆ ಆಡುತ್ತದೆ, ಹಾಗಾಗಿ ಆ ಒಂದು ಮಿಲಿಮೀಟರ್ ಹಿಂಜಿನ ಲೆಕ್ಕಕ್ಕೆ.

ನಿಂತ ಕಾರಿನ ಸಂದು ನಂಬಿ ಕೂರಬಾರದು. ಬಾಗಿಲನ್ನೇ ಉಜ್ಜಿ ಸಂದು ಸರಿಮಾಡಿ ಮಾರುವವರಿದ್ದಾರೆ. ಹಾಗಾಗಿ ಮುಂದುಗಡೆ ಅಡಿಗೆ ಹಲಗೆ ಇಟ್ಟು ಜಾಕು ಕೊಟ್ಟು ಮುಂದಿನ ಒಂದು ಚಕ್ರ ನೆಲ ಬಿಡುವವರೆಗೆ ಎತ್ತಿದೆವು. ಮೈಯಲ್ಲಿ ಬಲ ಇಲ್ಲದ ಕಾರಾದರೆ ಇಲ್ಲೇ ಬಾಗಿಲು ಸಿಕ್ಕಿಕೊಳ್ಳುತ್ತದೆ, ತೆಗೆದರೆ ಹಾಕಲಾಗುವುದಿಲ್ಲ. ಮಾಸ್ತರ್ರ ಎದೆ ಡವಡವ ಅನ್ನುತ್ತಿತ್ತೇನೋ, ದೂರ ಹೋಗಿ ನಿಂತರು. ಭಾವ ಬಾಗಿಲು ತೆಗೆದ. ಹಾಕಿದ. ಟಪ್. ಮತ್ತೆ ತೆಗೆದ, ಮತ್ತೆ ಟಪ್. ಆ ಬದಿಯೂ ಹಾಗೇ.

ಕೊಯ್ದ ಗಾಡಿ ಅಂತ ಬರೆದು ಕೊಡುತ್ತೇನೆ ಅಂದವನು ಏನೂ ಮಾತಾಡಲಿಲ್ಲ.

ನಾನು ತಲೆಕೆಳಗಾಗಿ ಡ್ಯಾಶ್‌ಬೋರ್ಡಿನ ಅಡಿ ತೂರಿದೆ, ಕಾಲು ಸೀಟಿನ ಮೇಲೆ, ಬಾಯಲ್ಲಿ ಟಾರ್ಚು. ಎರಡೂ ಮೂಲೆಯಲ್ಲಿ ತ್ರಿಕೋನದ ಪಟ್ಟಿ ಇದೆ. ಇದ್ದರೆ ಸಾಲದು, ಹೇಗೆ ಕೂತಿದೆ ಅಂತ ನೋಡಬೇಕು. ಕಾರ್ಖಾನೆಯ ಬೆಸುಗೆ ಸ್ಪಾಟ್ ವೆಲ್ಡ್, ತಗಡಿನ ಮೇಲೆ ಸಮ ದೂರದಲ್ಲಿ ಬೆರಳ ತುದಿಯಲ್ಲಿ ಒತ್ತಿದ ಹಾಗೆ ಸಣ್ಣ ಸಣ್ಣ ಗುಳಿ. ನಮ್ಮ ಗ್ಯಾರೇಜಿನ ಬೆಸುಗೆ ಅಂದರೆ ಗ್ಯಾಸ್ ಅಥವಾ ಆರ್ಕ್, ಎರೆಹುಳು ಹರಿದ ಹಾಗೆ ಗಂಟು ಗಂಟು. ಇಲ್ಲಿ ಗುಳಿಗಳ ಸಾಲು, ಮೇಲೆ ಅದೇ ಬೂದು ಬಣ್ಣ, ಬಣ್ಣದ ಮೇಲೆ ಅರವತ್ತು ವರ್ಷದ ಧೂಳು. ಮುಂದಿನ ಗಾಜಿನ ಚೌಕಟ್ಟಿನ ಮೇಲಂಚಿನ ರಬ್ಬರ್ ಸರಿಸಿ ನೋಡಿದರೆ ಅಲ್ಲೂ ಕೊಯ್ದ ಗುರುತಿಲ್ಲ, ಉಜ್ಜಿದ ಗುರುತಿಲ್ಲ.

ಕಾರು ಹುಟ್ಟು ಕನ್ವರ್ಟಿಬಲ್. ಮೂರು ಒರಿಜಿನಲ್‌ನಲ್ಲಿ ನಾವು ಯಾವುದನ್ನು ನಂಬಿರಲಿಲ್ಲವೋ ಅದೊಂದೇ ನಿಜ.

ಅಡಿಗೆ ಮಲಗಿದಾಗ ಇನ್ನೊಂದು ವಿಚಿತ್ರ. ಸಮುದ್ರದಿಂದ ಇಷ್ಟು ಹತ್ತಿರ, ಮಳೆಗಾಲದಲ್ಲಿ ಗೋಡೆಯ ಮೊಳೆಯೂ ತುಕ್ಕು ಹಿಡಿಯುವ ಊರು. ಫ್ಲೋರ್ ಪೂರ್ತಿ ಹೋಗಿರಬೇಕು ಅಂದುಕೊಂಡಿದ್ದೆ. ನೋಡಿದರೆ ಅಡಿಯೆಲ್ಲ ಕಪ್ಪು ದಪ್ಪ ಪದರ, ಡಾಂಬರಲ್ಲ, ಗ್ರೀಸಲ್ಲ. "ಗೇರುಬೀಜದ ಸಿಪ್ಪೆ ಎಣ್ಣೆ" ಅಂದರು ಮಾಸ್ತರ್ರು. ದೋಣಿಗೆ ಬಳಿಯುವಾಗ ಮಾವ ಕಾರಿಗೂ ಬಳಿಸುತ್ತಿದ್ದರಂತೆ, ಪ್ರತಿ ಮಳೆಗಾಲದ ಮೊದಲು. ಹಸಿ ಇದ್ದಾಗ ಕೈಗೆ ತಾಗಿದರೆ ಬೊಬ್ಬೆ ಏಳುವ ಎಣ್ಣೆ ಅದು, ಒಣಗಿದ ಮೇಲೆ ಕಲ್ಲು. ಯಾವ ಕಂಪನಿಯ ಕೋಟಿಂಗೂ ಇಷ್ಟು ವರ್ಷ ಬಂದದ್ದು ನಾನು ಕಂಡಿಲ್ಲ.

ಆದರೆ ಮಾವ ಹೋದ ಮೇಲೆ ಯಾರೂ ಬಳಿದಿಲ್ಲ. ಪದರ ಎದ್ದ ಕಡೆ ತುಕ್ಕು ಒಳಹೊಕ್ಕಿದೆ. ಮಾಸ್ತರ್ರ ಅನುಮತಿ ಕೇಳಿ ಸ್ಕ್ರೂಡ್ರೈವರ್ ಒತ್ತುತ್ತ ಹೋದೆ (ಕೇಳದೆ ಒತ್ತಬೇಡಿ, ತೂತಾದರೆ ಜಗಳ). ಮುಂದಿನ ಸೀಟಿನ ಅಡಿ ಅಡ್ಡಕ್ಕೆ ಹೋಗುವ ಕ್ರಾಸ್ ಮೆಂಬರ್ ಗಟ್ಟಿ. ಇದು ದೊಡ್ಡ ಸಮಾಧಾನ, ಯಾಕೆಂದರೆ ಮುಂದಿನ ಸಸ್ಪೆನ್ಷನ್ನಿನ ಟಾರ್ಶನ್ ಬಾರ್‌ಗಳ ಹಿಂದಿನ ತುದಿ ಇದಕ್ಕೇ ಕಚ್ಚಿಕೊಂಡಿರುವುದು, ಇದು ಹೋದರೆ ಕಾರು ಬಿಟ್ಟು ಎದ್ದು ಬರಬೇಕು. ಬಲ ಸಿಲ್ ಗಟ್ಟಿ. ಎಡ ಸಿಲ್ ಹಿಂದಿನ ಒಂದಡಿ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಹಿಂದಿನ ಎಡ ಪಟ್ಟಾ ಸ್ಪ್ರಿಂಗಿನ ಮುಂದಿನ ತುದಿ ಕೂರುವ ಜಾಗ ಪೂರ್ತಿ ಪುಡಿ. ಮೈನರ್‌ಗೆ ಇದು ಮಾಮೂಲಿ ಕಾಯಿಲೆ. ಗೇರ್‌ಬಾಕ್ಸ್ ಮೇಲಿನ ತಗಡಿನ ಮುಚ್ಚಳವನ್ನು ಹೆರಾಲ್ಡ್ ಗೇರ್‌ಬಾಕ್ಸಿಗಾಗಿ ಕೊಯ್ದಿದ್ದಾರೆ. ಅದು ಬಿಚ್ಚುವ ತುಂಡು, ಮೈಗೆ ಪೆಟ್ಟಿಲ್ಲ.

ಮುಂದಿನ ಚಕ್ರ ಎತ್ತಿದಾಗಲೇ ಅಡಿ ಹಾರೆ ಕೊಟ್ಟು ಮೇಲಕ್ಕೆ ಕೆಳಕ್ಕೆ ಮೀಟಿದೆ. ಎಡಗಡೆ ಕಟಕ್ ಅಂದಿತು. ಮೈನರ್‌ನಲ್ಲಿ ಚಕ್ರ ಹಿಡಿದಿರುವ ಕಂಬ ಕೆಳಗೆ ಟ್ರನಿಯನ್ ಅನ್ನುವ ತುಂಡಿನೊಳಗೆ ಸ್ಕ್ರೂವಿನ ಮರೆಯ ಹಾಗೆ ತಿರುಗುತ್ತದೆ, ಗ್ರೀಸ್ ಹೊಡೆಯುತ್ತ ಇರಬೇಕು. ಹೊಡೆಯದಿದ್ದರೆ ಮರೆ ಸವೆದು ಒಂದು ದಿನ ಕಂಬ ಕಳಚಿ ಚಕ್ರ ಮಡ್‌ಗಾರ್ಡ್ ಅಡಿ ಮಡಚಿಕೊಂಡು ಬೀಳುತ್ತದೆ. ನಿಧಾನಕ್ಕೆ ತಿರುಗುವಾಗ ಆದರೆ ಪುಣ್ಯ. ಟೆಸ್ಟ್ ಡ್ರೈವ್ ಬೇಡ ಅಂದೆ. ಮಾಸ್ತರ್ರಿಗೆ ಬೇಜಾರಾಯಿತು, ಈಗ ಸ್ಟಾರ್ಟ್ ಆಗ್ತದೆ ಅಂತ ಹೇಳಿದರು. ಸ್ಟಾರ್ಟ್ ಆಗುವುದು ನನಗೆ ಬೇಡವೇ ಆಗಿತ್ತು. ಬ್ರೇಕಂತೂ ಇರಲಿಲ್ಲ, ಮಾಸ್ಟರ್ ಸಿಲಿಂಡರ್ ಡ್ರೈವರ್‌ನ ಕಾಲಡಿಯ ಫ್ಲೋರ್ ಕೆಳಗೆ ಇದೆ, ಸೋರಿ ಒಣಗಿದೆ.

ಕಾಗದ

ಆರ್‌ಸಿಯಲ್ಲಿ ಬಾಡಿ ಟೈಪ್ ಅಂತ ಇರುವಲ್ಲಿ ಸಲೂನ್ ಅಂತ ಬರೆದಿತ್ತು!

ಗೋವಾ ನಂಬರಿನಿಂದ ಈ ಕಡೆಯ ನಂಬರಿಗೆ ಬದಲಾಯಿಸುವಾಗ ಯಾರೋ ಬರೆದದ್ದು. ಕಾರು ನಿಜ, ಕಾಗದ ಸುಳ್ಳು. ಇದು ಸಣ್ಣ ವಿಷಯ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ಬೇರೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ಯಾವುದನ್ನೂ ದೊಡ್ಡ ಮಟ್ಟದಲ್ಲಿ ಬದಲಾಯಿಸಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ನಂಬರ್‌ನಲ್ಲಿ ವಿಎ ಅಂತ ಬರುತ್ತದೆ, ದಿನಾ ಓಡಿಸುವ ಹಾಗಿಲ್ಲ. ಅಂದರೆ ಬೇರೆ ಎಂಜಿನ್, ಸಲೂನ್ ಅಂತ ಬರೆದ ಆರ್‌ಸಿ, ಎರಡೂ ಹಿಡಿದುಕೊಂಡು ಹೋದರೆ ಅಲ್ಲಿ ನಾನೇ ಕೊಯ್ದವನಾಗುತ್ತೇನೆ.

ಹಳೆ ಕಾಗದ ಏನಾದರೂ ಇದೆಯಾ ಅಂತ ಕೇಳಿದೆ. ಮಾಸ್ತರ್ರು ಅಟ್ಟದಿಂದ ತಗಡಿನ ಟ್ರಂಕು ಇಳಿಸಿದರು. ಅದರಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಮಡಚಿ ಮಡಚಿ ಹರಿಯುವ ಹಾಗಾದ ಪೋರ್ಚುಗೀಸ್ ಕಾಗದ, ಮೂಲೆಯಲ್ಲಿ ಅಲ್ಫಾಂಡೆಗಾದ, ಅಂದರೆ ಕಸ್ಟಮ್ಸಿನ ಮುದ್ರೆ. ಓದುವವರು ಯಾರು? ಪಕ್ಕದ ಮನೆಯಲ್ಲಿ ಮಡಗಾಂವದಿಂದ ಮದುವೆಯಾಗಿ ಬಂದ ಅಜ್ಜಿ ಇದ್ದಾರೆ, ಶಾಲೆ ಪೋರ್ಚುಗೀಸಿನಲ್ಲಿ ಓದಿದವರು. ಕನ್ನಡಕ ಹುಡುಕಲು ಹತ್ತು ನಿಮಿಷ. ಬೆರಳಿಟ್ಟು ಓದುತ್ತ ಓದುತ್ತ ಒಂದು ಕಡೆ ನಿಂತು, ಡೆಸ್ಕಾಪೊಟಾವೆಲ್ ಅಂದರು. ಎಂತ ಅಂದ್ರೆ ಅಜ್ಜಿ? ಎರಡೂ ಕೈ ತಲೆಯ ಮೇಲೆತ್ತಿ ಹಿಂದಕ್ಕೆ ಮಡಚಿ ತೋರಿಸಿದರು. ಟಾಪು ತೆಗೆಯುವಂಥದ್ದು.

ಎಂಜಿನ್ ನಂಬರ್ 9ಎಂ ಅಂತ ಶುರುವಾಗುವ ಅದೇ ನಂಬರ್. ಕಾರಿನ ನಂಬರ್ ಬಾನೆಟ್ ಒಳಗಿನ ತಗಡಿನ ಪ್ಲೇಟಿನಲ್ಲಿ ಇದ್ದದ್ದೇ. ಆ ಒಂದು ಹರಕು ಕಾಗದಕ್ಕೆ ನನ್ನ ಲೆಕ್ಕದಲ್ಲಿ ಕೆಂಪು ಪೇಂಟಿಗಿಂತ ಜಾಸ್ತಿ ಬೆಲೆ. ಮಾಸ್ತರ್ರು ಅದನ್ನು ಮಾರಾಟದ ಫೋಟೊದಲ್ಲಿ ಹಾಕಿರಲೇ ಇಲ್ಲ.

ಮೂರನೇ ಸಲ

ರೇಟಿನ ಮಾತು. ಹಿಂದಿನ ರಾತ್ರಿ ಶಿರಸಿಯಲ್ಲಿ ಟಿಂಕರ್‌ಗೆ ಫೋನ್ ಮಾಡಿ ಲೆಕ್ಕ ಹಾಕಿದ್ದೆ. ಸಿಲ್, ಸ್ಪ್ರಿಂಗ್ ಕೂರುವ ಜಾಗ, ಬಾಗಿಲ ತಳ, ಮಡ್‌ಗಾರ್ಡ್ ಸೇರಿ ತಗಡಿಗೆ 70 ಸಾವಿರ. ಮುಂದಿನ ಸಸ್ಪೆನ್ಷನ್ ಮತ್ತು ಬ್ರೇಕ್‌ಗೆ 60. ಹುಡ್ ಹೊಲಿಸಲು 40, ಈಗಿರುವುದು ಶಾಮಿಯಾನಾದ ಬಟ್ಟೆ. ಬಣ್ಣಕ್ಕೆ ನಾನು ಏನೂ ಕಡಿಮೆ ಮಾಡಲಿಲ್ಲ. ಬಣ್ಣ ಯಾವತ್ತಾದರೂ ಬೂದು ಮಾಡಬಹುದು, ಮಾಡದೆಯೂ ಇರಬಹುದು. ಉಳಿದದ್ದು ಎಂಜಿನ್, ಅದಕ್ಕೆ ಬೆಲೆ ಕಟ್ಟುವುದೇ ಕಷ್ಟ. ಸರಿಯಾದ ಎ ಸೀರೀಸ್ 948 ಎಲ್ಲೋ ಸಿಕ್ಕರೂ ಅದರ ನಂಬರ್ ಈ ಕಾರಿನದ್ದಾಗಿರುವುದಿಲ್ಲ. ನನ್ನ ಆಫರ್ ಐದೂಕಾಲು ಅಂತ ಗಟ್ಟಿ ಮಾಡಿಕೊಂಡು ಹೋದೆ.

ಹೇಳುವ ಮೊದಲು ಒಂದು ಪ್ರಶ್ನೆ ಕೇಳಿದೆ. ಹಳೆ ಗಾಡಿ ಕೊಳ್ಳುವಾಗ ನಾನು ಎಲ್ಲ ಕಡೆ ಕೇಳುವ ಪ್ರಶ್ನೆ: ಬಿಚ್ಚಿದ ಸಾಮಾನು ಎಲ್ಲಿ ಹಾಕ್ತೀರಿ? ನಮ್ಮ ಜಿಲ್ಲೆಯಲ್ಲಿ ಯಾರೂ ಕಬ್ಬಿಣ ಎಸೆಯುವುದಿಲ್ಲ. ಕೊಟ್ಟಿಗೆಯ ಹಿಂದೆಯೋ ಅಟ್ಟದ ಮೂಲೆಯಲ್ಲೋ ಇದ್ದೇ ಇರುತ್ತದೆ.

ಅಟ್ಟದಲ್ಲಿ ಹುಡ್‌ನ ಹಳೆ ಕಬ್ಬಿಣದ ಬಿಲ್ಲುಗಳು ಸಿಕ್ಕವು, ಗೋಣಿಯಲ್ಲಿ ಸುತ್ತಿಟ್ಟದ್ದು. ಇಂಡಿಕೇಟರ್‌ನ ಒಂದು ಕೈ, ಮುರಿದದ್ದು.

"ಮತ್ತೆ ಎಂಜಿನ್ ಇತ್ತಲ್ಲ" ಅಂದರು ಮಾಸ್ತರ್ರ ಹೆಂಡತಿ, ಅಲ್ಲಿಯವರೆಗೆ ಒಂದು ಮಾತೂ ಆಡದವರು, ಒಳಗಿನ ಬಾಗಿಲಲ್ಲಿ ನಿಂತು. "ಬಾವಿ ಕಟ್ಟೆ ಹಿಂದೆ. ಪಂಪಿಗೆ ಹಾಕಿದ್ದು."

ಮಡಲು ಹೊದೆಸಿದ ಸಣ್ಣ ಮಾಡಿನ ಕೆಳಗೆ, ಸಿಮೆಂಟಿನ ಕಟ್ಟೆಗೆ ಬೋಲ್ಟ್ ಹಾಕಿ ಕೂರಿಸಿದ ಎಂಜಿನ್. ಹೆರಾಲ್ಡ್ ಎಂಜಿನ್ ಬಂದ ಮೇಲೆ ಮಾವ ಇದಕ್ಕೆ ಬೆಲ್ಟ್ ಕಟ್ಟಿ ತೋಟಕ್ಕೆ ನೀರು ಹಾಯಿಸುತ್ತಿದ್ದರು, ಕರೆಂಟ್ ಪಂಪು ಬಂದ ಮೇಲೆ ಇದು ಹಾಗೇ ನಿಂತಿತು. ಮೇಲೆ ತೆಂಗಿನ ಗರಟೆ ರಾಶಿ, ಒಂದು ಬದಿ ಇರುವೆ ಗೂಡು. ನಂಬರ್ ಬಿಲ್ಲೆ ಮಣ್ಣಿನಡಿ ಇತ್ತು. ಭಾವ ತನ್ನ ಅಂಗಿಯಿಂದಲೇ ಒರೆಸಿದ, ನಾನು ಆರ್‌ಸಿ ಹಿಡಿದು ಒಂದೊಂದೇ ಅಂಕೆ ಓದಿದೆ. ಕೊನೆಯ ಅಂಕೆಯವರೆಗೂ ಅದೇ.

ಈಗ ಏನು ಮಾಡುವುದು? ಬಾಯಿ ಮುಚ್ಚಿಕೊಂಡು ಐದೂಕಾಲು ಅಂದು, ಗುಜರಿ ಅಂತ ಇದನ್ನೂ ಹೊತ್ತು ತರಬಹುದಿತ್ತು. ಭಾವ ಕಣ್ಣಲ್ಲಿ ಅದನ್ನೇ ಹೇಳುತ್ತಿದ್ದ. ಆದರೆ ಮೂರು ಸಲ ಚಾ ಕುಡಿದ ಮನೆ. "ಮಾಸ್ತರ್ರೇ, ಇದು ಈ ಕಾರಿನ ಹುಟ್ಟು ಎಂಜಿನ್. ಇದಿಲ್ಲದೆ ನನ್ನ ಲೆಕ್ಕ ಐದೂಕಾಲು. ಇದು, ಅಟ್ಟದ ಸಾಮಾನು, ಪೋರ್ಚುಗೀಸ್ ಕಾಗದ ಸೇರಿಸಿ ಕೊಟ್ಟರೆ ಆರೂಕಾಲು. ಆದರೆ ಆರ್‌ಸಿಯಲ್ಲಿ ಸಲೂನ್ ಅನ್ನುವುದು ನಿಮ್ಮ ಹೆಸರಲ್ಲಿ ಇರುವಾಗಲೇ ಸರಿಯಾಗಬೇಕು, ಓಡಾಟ ನಾನು ಮಾಡ್ತೆ, ಸಹಿ ನೀವು ಮಾಡಿ." ಒಂಬತ್ತೂವರೆಯಿಂದ ಆರೂಕಾಲಿಗೆ ಇಳಿಯುವುದು ಸುಲಭ ಅಲ್ಲ. ಮಾಸ್ತರ್ರು ಒಳಗೆ ಹೋದರು. ಒಳಗೆ ಕೊಂಕಣಿಯಲ್ಲಿ ಏನೋ ಮಾತು. ಹೊರಗೆ ಬಂದು, ಆರೂವರೆ ಅಂದರು. ಆರೂವರೆಗೆ ಆಯಿತು. ಒಂದು ಲಕ್ಷ ಅಡ್ವಾನ್ಸ್ ಕೊಟ್ಟು ಬರೆದುಕೊಂಡೆವು.

ಆಮೇಲೆ

ಬಾಡಿ ಟೈಪ್ ಸರಿಮಾಡಿಸಲು ಕಾರನ್ನು ಲಾರಿಯ ಮೇಲೆ ಹಾಕಿ ತೋರಿಸಿ ಬರಬೇಕಾಯಿತು, ಅಜ್ಜಿ ಓದಿದ ಕಾಗದದ ಅನುವಾದಕ್ಕೆ ನೋಟರಿ ಬೇಕಾಯಿತು, ಓಡಾಟ ಎಷ್ಟಾಯಿತು ಅಂತ ಬರೆದರೆ ಕಾರಿಗಿಂತ ಉದ್ದ. ಆರ್‌ಸಿ ಬಂತು, ಬಾಕಿ ಕೊಟ್ಟೆ, ಕಾರು ಘಟ್ಟ ಹತ್ತಿತು.

ಶಿರಸಿಯಲ್ಲಿ ಎಡ ಸಿಲ್ ಬಿಚ್ಚಿದಾಗ ಒಳಗಿನ ಬಲದ ತಗಡು ಹಿಂದಿನ ಒಂಬತ್ತು ಇಂಚು ಬಿಟ್ಟರೆ ಚೆನ್ನಾಗಿತ್ತು. ಛಾವಣಿ ಇಲ್ಲದ ಕಾರಿನ ಸಿಲ್ ಕೊಯ್ಯುವ ಮೊದಲು ಬಾಗಿಲ ಜಾಗದಲ್ಲಿ ಅಡ್ಡಕ್ಕೆ ಕಬ್ಬಿಣದ ಪೈಪ್ ಬೆಸೆದು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಕೊಯ್ದ ಕೂಡಲೇ ಕಾರು ಮಡಚಿಕೊಂಡು ಮತ್ತೆ ಯಾವ ಬಾಗಿಲೂ ಕೂರುವುದಿಲ್ಲ. ಟಿಂಕರ್ ಮೊದಲು ಪೈಪ್ ಬೇಡ ಅಂದ, ನಾನು ಬೇಕೇ ಬೇಕು ಅಂದೆ, ಅರ್ಧ ದಿನ ಜಗಳದಲ್ಲೇ ಹೋಯಿತು. ಈಗ ಎಡ ಬಾಗಿಲಿಗೂ ಮೇಲೆ 5, ಕೆಳಗೆ 5. ಹಿಂಜಿಗೆ ಹೊಸ ಪಿನ್ ಲೇತಿನಲ್ಲಿ ಮಾಡಿಸಿದೆ.

ಬಾವಿ ಕಟ್ಟೆಯ ಎಂಜಿನ್ ನನ್ನ ಅಡಿಕೆ ಸುಲಿಯುವ ಚಪ್ಪರದ ಮೂಲೆಯಲ್ಲಿ ಮೇಜಿನ ಮೇಲಿದೆ. ಹೆಡ್ ಬಿಚ್ಚಿದೆ. ಬ್ಲಾಕ್ ಒಡೆದಿಲ್ಲ. ನಾಲ್ಕು ಸಿಲಿಂಡರ್‌ಗೂ ಸೀಮೆಎಣ್ಣೆ ಮತ್ತು ಗೇರ್ ಆಯಿಲ್ ಬೆರೆಸಿ ತುಂಬಿ ಹದಿನೈದು ದಿನ ಇಟ್ಟೆ. ಒಂದು, ಎರಡು ಮತ್ತು ನಾಲ್ಕರಲ್ಲಿ ಎಣ್ಣೆ ಇಳಿದಿದೆ, ಅಂದರೆ ರಿಂಗಿನ ಸಂದು ಬಿಟ್ಟಿದೆ. ಮೂರರಲ್ಲಿ ಹಾಕಿದ ಎಣ್ಣೆ ಹಾಕಿದ ಹಾಗೇ ನಿಂತಿದೆ. ಸಂಪು ಬಿಚ್ಚಿ, ನಾಲ್ಕೂ ಕನೆಕ್ಟಿಂಗ್ ರಾಡ್‌ನ ಕ್ಯಾಪ್ ತೆಗೆದು, ಕ್ರ್ಯಾಂಕ್ ಇಳಿಸಿ, ಸಿಕ್ಕಿಕೊಂಡ ಮೂರನೆಯ ಪಿಸ್ಟನ್ನನ್ನು ಕೆಳಗಿನಿಂದ ಮರದ ತುಂಡು ಕೊಟ್ಟು ಬಡಿಯುವುದು ಮುಂದಿನ ಭಾನುವಾರದ ಕೆಲಸ. ಭಾವ ಬರುತ್ತೇನೆ ಅಂದಿದ್ದಾನೆ, ಅಂಗಿ ಬದಲು ಬನಿಯನ್ ಹಾಕಿಕೊಂಡು.